ಇಸ್ಪೀಟಿನ ನ್ಯಾಯ ನನ್ನ ಕೊರಳಿಗೆ

ನಮ್ಮ ಮನೆಯಲ್ಲಿ ಇಸ್ಪೀಟು ಆಡುವುದು ಕಡಿಮೆ, ಅದರ ಕಾಯ್ದೆಗಾಗಿ ಜಗಳಾಡುವುದೇ ಹೆಚ್ಚು. ರಾಯಬಾಗದ ಜೈನರ ಮನೆ. ಹೊತ್ತು ಮುಳುಗುವುದರೊಳಗೆ ಊಟ ಮುಗಿಯುತ್ತದೆ, ಆಮೇಲೆ ಬಾಯಿಗೆ ಬೇರೆ ಕೆಲಸವಿಲ್ಲ. ನನಗೆ ಎಲೆ ಆಡುವ ಹುಚ್ಚಿಲ್ಲ. ಅದೇ ಕಾರಣಕ್ಕೆ ಮಾವನವರು, "ಆಡದಾಕಿ ಪಕ್ಷಪಾತ ಮಾಡೂದಿಲ್ಲ" ಎಂದು ನ್ಯಾಯ ಹೇಳುವ ಕೆಲಸ ನನಗೆ ಹಚ್ಚಿದರು. ರೊಟ್ಟಿ ಬಡಿದು ನಾನು ಎಂದೂ ಇಷ್ಟು ದಣಿದಿಲ್ಲ.

ಉಗಾರದ ಕಾಯ್ದೆ

ಬದಾಮ ಸಾತ್ ನಡೆದಿತ್ತು. ಬದಾಮಿನ, ಅಂದರೆ ಕೆಂಪು ಹೃದಯದ ಗುರುತಿನ, ಏಳು ಇಳಿಸಿ, ಅದರ ಆಚೆ ಈಚೆ ಸಾಲಾಗಿ ಎಲೆ ಜೋಡಿಸುವ ಆಟ. ಉಗಾರ ಬುದ್ರುಕದಿಂದ ಬಂದ ನನ್ನ ನೆಗೆಣ್ಣಿ ಕೈಯಲ್ಲಿ ಎಲೆ ಇಟ್ಟುಕೊಂಡೇ "ಪಾಸ್" ಅಂದಳು.

"ಎಲಿ ಇದ್ರ ಇಳಿಸಾಕ ಬೇಕು" ಅಂದರು ಮಾವನವರು.

"ನಮ್ಮ ಊರಾಗ ಬಚ್ಚಿಡೂದ ಆಟರಿ, ಮಾವಾರ."

ಈ ಮನೆಯಲ್ಲಿ ಈ ಮನೆಯ ಕಾಯ್ದೆ ಎಂದು ನಾನು ತೀರ್ಪು ಕೊಟ್ಟೆ. ನೆಗೆಣ್ಣಿ ಸಿಟ್ಟಾಗಲಿಲ್ಲ. "ಆತ್ರಿ. ನಾಳೆ ಹೋಳಿಗಿನೂ ಈ ಮನಿ ಪದ್ಧತೀಲೆ ಮಾಡ್ತೀನಿ" ಅಂದಳು.

ಅವಳ ತವರಿನ ಹೋಳಿಗೆ ಎಂದರೆ ಮಾವನವರಿಗೆ ಪ್ರಾಣ. ಅವರು ನನ್ನ ಕಡೆ ವಾಲಿ ಮೆಲ್ಲಗೆ, "ತಂಗಿ, ತೀರ್ಪು ಸ್ವಲ್ಪ ತಿದ್ದು" ಅಂದರು.

ಖರೇ ಕೆಮ್ಮು

ಹತ್ತರ ಎಲೆಗಳನ್ನು ಗೆಲ್ಲುವ ಮೆಂಡಿಕೋಟದ ಆಟದಲ್ಲಿ ಅತ್ತೆ ಮಾವ ಒಂದು ಜೋಡಿ. "ಅವ್ವ ಕೆಮ್ಮಿದ್ರ ಕೈಯಾಗ ಎಕ್ಕಾ ಐತಿ ಅಂತ ಅರ್ಥ" ಎಂದು ಮೈದುನ ದೂರು ತಂದ. ಆಡುವಾಗ ಯಾರೂ ಕೆಮ್ಮಬಾರದು ಎಂದೆ.

ಮರುದಿನ ಅತ್ತೆಗೆ ನಿಜವಾಗಿಯೂ ನೆಗಡಿ. ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ಕೂತಿದ್ದರು. ನೋಡಲಾಗದೆ, "ಕೆಮ್ಮರಿ ಅತ್ತಿ" ಅಂದೆ. ಅತ್ತೆ ಮನಸ್ಸು ಬಿಚ್ಚಿ ಕೆಮ್ಮಿದರು. ಅದನ್ನು ನಂಬಿ ಮಾವನವರು ತಮ್ಮ ಹತ್ತು ಇಳಿಸಿದರು. ಮೈದುನ ಎಕ್ಕಾ ಹಾಕಿ ಅದನ್ನು ಎತ್ತಿಕೊಂಡ.

"ಇಷ್ಟ ವರ್ಷ ಸಂಸಾರ ಮಾಡೀರಿ, ಖರೇ ಕೆಮ್ಮು ಯಾವ್ದು ಅಂತ ತಿಳೀಲಿಲ್ಲೇನು?" ಎಂದು ಅತ್ತೆ ಕೇಳಿದರು.

"ಖರೇ ಕೆಮ್ಮು ಇವತ್ತ ಮೊದಲನೇ ಸಲ ಕೇಳೀನಿ" ಅಂದರು ಮಾವನವರು.

ಕಬ್ಬೂರ ಸ್ಟಾಪು

ಸಾಕಾಗಿ ಹೋಗಿ ಕಬ್ಬೂರಿನ ತವರಿಗೆ ಹೊರಟೆ. ಬಸ್ಸಿನಲ್ಲಿ ಕಣ್ಣು ಮುಚ್ಚಿದ್ದೆ, ಅತ್ತೆಯ ಫೋನು. ಗದ್ದಲಕ್ಕೆ ಕೇಳಿಸದೆ ಸ್ಪೀಕರ್ ಹಾಕಿದೆ.

"ನಿಮ್ಮ ಮಾವಾರು ಬೆನ್ನ ತುರಿಸ್ಕೊಳ್ಳಾಕ ಹೋಗಿ ಎಲಿ ಬೀಳಿಸ್ಯಾರ. ಅದು ಆಡಿದಂಗೋ, ಅಲ್ಲೋ?"

ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಅಜ್ಜಿ, "ನೆಲಾ ಮುಟ್ಟಿದ ಎಲಿ ಆಡಿದಂಗ" ಅಂದಳು.

ಹಿಂದಿನ ಸೀಟಿನ ಬಿಳಿ ಟೋಪಿಯವರು, "ಹಂಗಾದ್ರ ಕೈಜಾರಿ ಬಿದ್ದ ತಾಟು ಉಂಡಂಗ ಏನು?" ಎಂದು ಕೇಳಿದರು.

ಬಸ್ಸು ಎರಡು ಪಾರ್ಟಿ ಆಯಿತು. ಕಬ್ಬಿನ ಹೊಲ ದಾಟುತ್ತ ದಾಟುತ್ತ ದನಿ ಏರಿತು. ಕಬ್ಬೂರು ಬಂದದ್ದೇ ನನ್ನ ಪುಣ್ಯ. ಫೋನು ಕತ್ತರಿಸಿ, ಚೀಲ ಎತ್ತಿಕೊಂಡು ಬಾಗಿಲಿಗೆ ಹೋದೆ. ಬಾಗಿಲು ತೆರೆಯಲಿಲ್ಲ.

ಅಲ್ಲಿಯವರೆಗೂ ಒಂದು ಮಾತನ್ನೂ ಆಡದ ಡ್ರೈವರ್ ಗಾಡಿ ಬಂದ್ ಮಾಡಿ, ಹಿಂದೆ ತಿರುಗಿದರು.

"ಅಕ್ಕಾರ, ತೀರ್ಪ ಹೇಳಿ ಇಳೀರಿ. ನಮ್ಮ ಮನ್ಯಾಗೂ ಇದ ಜಗಳ ನಡದೈತಿ."