ನಮ್ಮ ಸೋದರತ್ತೆಯ ಸ್ವಾಗತ ಸೈನ್ಯ

ನಮ್ಮ ಸೋದರತ್ತೆಯ ಸ್ವಾಗತದಿಂದ ತಪ್ಪಿಸಿಕೊಂಡವರು ಇನ್ನೂ ಹುಟ್ಟಿಲ್ಲ! ಮಧುಗಿರಿಯ ಅವಳ ಮನೆಗೆ ಕರೆಂಟ್ ಬಿಲ್ ಕೊಡಲು ಬಂದವನೂ ಉಪ್ಪಿಟ್ಟು ತಿಂದೇ ಹೋಗಬೇಕು. ಅಂಥವಳು ಪಾಠ ಮಾಡುವುದು ಸಿರಾ ಕಡೆಯ ವಿಶ್ವವಿದ್ಯಾಲಯವೊಂದರಲ್ಲಿ. ಹೊಸ ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳುವ ಸೀನಿಯರ್ ನಾಯಕರಿಗೆ ತರಬೇತಿ ಕೊಡಿ ಅಂತ ಅವಳಿಗೇ ಹೇಳಿದರೆ? ಮೊದಲೇ ಕೋತಿ, ಮೇಲೆ ಹೆಂಡ ಬೇರೆ ಕುಡಿದಿತ್ತು ಅಂದಂತಾಯಿತು. ಈ ಮಾತು ಅತ್ತೆಗೆ ಹೇಳಬೇಡಿ.

ಅವಳ ಪಾಠದ ಸಾರ ಒಂದೇ. ಮೊದಲ ದಿನ ಬಂದ ಮಗು ಮನಸ್ಸು ಮುರಿದು ಸಂಜೆ ಬಸ್ಸಿಗೆ ಊರಿಗೆ ವಾಪಸ್ ಹೋಗಬಾರದು. ಹಾಗೆ ಹೋದವರು ಮತ್ತೆ ಬರುವುದಿಲ್ಲ ಅನ್ನುವುದು ಅವಳ ಅನುಭವ. ಬೇರೆ ಕಡೆ ಇದಕ್ಕೆಲ್ಲ ಭಾಷಣ ಮಾಡುತ್ತಾರೆ. ನಮ್ಮತ್ತೆ ಏನು ಮಾಡಿದಳು ಗೊತ್ತೆ? ಅಷ್ಟೂ ನಾಯಕರನ್ನು, ಜೊತೆಗೆ ರಜೆಗೆ ಬಂದಿದ್ದ ನನ್ನನ್ನೂ, ಕಳ್ಳಂಬೆಳ್ಳದಲ್ಲಿ ಯಾರದೋ ಮದುವೆಗೆ ಕರೆದುಕೊಂಡು ಹೋದಳು. ಗಂಡೂ ಗೊತ್ತಿಲ್ಲ, ಹೆಣ್ಣೂ ಗೊತ್ತಿಲ್ಲ!

"ಒಬ್ಬೊಬ್ರೇ ಒಂದೊಂದು ಮೂಲೇಲಿ ನಿಂತ್ಕಳ್ರಲಾ. ಯಾರೂ ಮಾತಾಡಿಸ್ದೆ ಇದ್ರೆ ಹೊಸಬ್ರಿಗೆ ಹೆಂಗಾಯ್ತದೆ ಅಂತ ಗೊತ್ತಾಗ್ಲಿ" ಅಂದಳು.

ಕೊರಟಗೆರೆಯ ಹುಡುಗನೊಬ್ಬ ಬೆವರುತ್ತಾ ನಿಂತಿದ್ದ. ಯಜಮಾನರೊಬ್ಬರು ಬಂದು, "ಹೆಣ್ಣಿನ ಕಡೆಯೋನೋ, ಗಂಡಿನ ಕಡೆಯೋನೋ?" ಅಂತ ಕೇಳಿದರು.

"ಯೂನಿವರ್ಸಿಟಿ ಕಡೆಯೋನು" ಅಂದುಬಿಟ್ಟ!

ಅವರು ಅವನ ಕೈಗೆ ಸಾಂಬಾರಿನ ಬಕೆಟ್ ಕೊಟ್ಟರು. ಪಂಕ್ತಿಗೆಲ್ಲ ಬಡಿಸಿ ಬಂದವನು, "ಮೇಡಂ, ಕೈಗೊಂದು ಕೆಲ್ಸ ಕೊಟ್ರೆ ಭಯ ಹೋಯ್ತದೆ" ಅಂದ. ಅತ್ತೆಗೆ ಬೇಕಾಗಿದ್ದದ್ದೇ ಅದು.

ನಮ್ಮ ಕಡೆ ಹೊಸಬರನ್ನು ಕಂಡರೆ ಬಾಯಿಗೆ ಮೊದಲು ಬರುವ ಪ್ರಶ್ನೆ "ಯಾವೂರು?" ಆಮೇಲೆ, ಜಾತಿ ತಿಳಿಯಲು ಮೆಲ್ಲಗೆ, "ಯಾರ ಪೈಕಿ?" ಈ ಎರಡನೆಯದು ಅತ್ತೆಯ ರಾಜ್ಯದಲ್ಲಿ ನಿಷಿದ್ಧ. ಕೇಳಿದವರು ಅವತ್ತು ಎಲ್ಲರ ತಟ್ಟೆ ತೊಳೆಯಬೇಕು. ಒಮ್ಮೆ ವಿಭಾಗದ ಮುಖ್ಯಸ್ಥರೇ ಬಾಯಿತಪ್ಪಿ ಕೇಳಿಬಿಟ್ಟರು. ಅತ್ತೆ ಸೋಪು ತಂದು ಅವರ ಮುಂದಿಟ್ಟಳು. ತೊಳೆದರು ಪಾಪ, ಚೆನ್ನಾಗಿಯೇ ತೊಳೆದರು.

ತರಬೇತಿ ಮುಗಿಸಿದ ಸೈನ್ಯ ಮುಂದಿನ ವಾರ ಬಸ್ ನಿಲ್ದಾಣದಲ್ಲಿ ಠಿಕಾಣಿ ಹೂಡಿತು. ಪಾವಗಡದ ಬಸ್ಸಿನಿಂದ ಹುಡುಗಿಯೊಬ್ಬಳು ಇಳಿದಳೋ ಇಲ್ಲವೋ, ಕೊರಟಗೆರೆಯವನು ಅವಳ ಬ್ಯಾಗ್ ತೆಗೆದುಕೊಂಡು ಕ್ಯಾಂಟೀನಿಗೆ ನಡೆದೇಬಿಟ್ಟ. ಅವಳು ಹಿಂದೆಯೇ ಓಡುತ್ತಾ, "ಆಗು ಅಣ್ಣಾ, ನಿಲ್ಲು, ನಾನು ಟಿ.ಸಿ. ವಾಪಸ್ ತಗಳ್ಳಾಕೆ ಬಂದಿದೀನಿ" ಅನ್ನುತ್ತಿದ್ದಳು.

"ಮೊದ್ಲು ಇಡ್ಲಿ ತಿನ್ನು ಕಣಮ್ಮ, ಆಮೇಲೆ ಟಿ.ಸಿ." ಅಂದ ಅವನು. ತರಬೇತಿ ಅಂದರೆ ತರಬೇತಿ!

ಇಡ್ಲಿ ಮುಗಿಯುವಷ್ಟರಲ್ಲಿ ವಿಷಯ ಹೊರಬಿತ್ತು. ಹುಡುಗಿ ಪಾವಗಡದ ಕಡೆಯ ವಳ್ಳೂರಿನವಳು. ಸೇರಿ ವಾರವಾಗಿತ್ತು. ಅವಳು ಮೊದಲು ಬಂದ ದಿನ ಮಾತಾಡಿಸಲು ಒಂದು ನರಪಿಳ್ಳೆಯೂ ಇರಲಿಲ್ಲ. ಇರುವುದಾದರೂ ಹೇಗೆ? ನಾವೆಲ್ಲ ಕಳ್ಳಂಬೆಳ್ಳದಲ್ಲಿ ಪಾಯಸ ಕುಡಿಯುತ್ತಿದ್ದೆವು! ತರಗತಿಯಲ್ಲಿ ಅವಳ ತೆಲುಗು ಬೆರೆತ ಮಾತಿಗೆ ಯಾರೋ ನಕ್ಕರಂತೆ. ಸಂಜೆ ಬಸ್ಸಿಗೇ ಊರಿಗೆ ಹೋದವಳು ಈಗ ಓದು ಬಿಟ್ಟುಬಿಡಲು ಬಂದಿದ್ದಳು.

ಪಕ್ಕದಲ್ಲೇ ನಿಂತು ಕೇಳುತ್ತಿದ್ದ ಅತ್ತೆಯ ಮುಖ ಸಣ್ಣಗಾಯಿತು. ಹುಡುಗಿಯ ಪಕ್ಕ ಕೂತು, "ತಪ್ಪು ನಂದು ಕಣಮ್ಮ. ಇವತ್ತೇ ನಿನ್ನ ಮೊದಲ್ನೇ ದಿನ ಅಂದ್ಕೊ. ಸಾಯಂಕಾಲಕ್ಕೂ ಬ್ಯಾಡ ಅನ್ಸಿದ್ರೆ ಟಿ.ಸಿ. ಕೊಡಿಸಿ ನಾನೇ ಬಸ್ ಹತ್ತಿಸ್ತೀನಿ" ಅಂದಳು. ಆಮೇಲೆ ತನ್ನ ಹರಕುಮುರುಕು ತೆಲುಗಿನಲ್ಲಿ ಮಾತು ಶುರು ಮಾಡಿದಳು. ಹುಡುಗಿ ಮೊದಲ ಸಲ ನಕ್ಕಳು. ಆ ತೆಲುಗು ಕೇಳಿ ಯಾರು ತಾನೇ ನಗುವುದಿಲ್ಲ? ಮಧ್ಯಾಹ್ನದಿಂದ ಪಾವಗಡದ ಕಡೆಯ ಹೊಸಬರನ್ನು ಎದುರುಗೊಳ್ಳಲು ಅವಳನ್ನೇ ನಿಲ್ಲಿಸಿದ್ದಾಯಿತು.

ಸಂಜೆಯ ಬಸ್ಸು ಬಂತು. ಕೊಟ್ಟ ಮಾತಿಗೆ ತಪ್ಪುವವಳಲ್ಲ ನಮ್ಮತ್ತೆ. ಟಿ.ಸಿ.ಯನ್ನೂ ಬ್ಯಾಗನ್ನೂ ಹಿಡಿದು ಬಸ್ಸಿನ ಬಾಗಿಲ ಬಳಿ ನಿಂತಳು. ಕಂಡಕ್ಟರ್ ಸೀಟಿ ಊದಿದ. ಹುಡುಗಿ ಬಸ್ಸಿನ ಕಡೆ ನೋಡಲೇ ಇಲ್ಲ, ಅತ್ತೆಯ ಊದಿಕೊಂಡ ಕಾಲುಗಳನ್ನು ನೋಡುತ್ತಿದ್ದಳು.

"ಮಧ್ಯಾಹ್ನದಿಂದ ನಿಂತೇ ಇದೀರಲ್ಲ ಮೇಡಂ. ಬನ್ನಿ, ಕೂತ್ಕಳ್ಳಿ" ಅಂತ ಕೈಹಿಡಿದು ಕಲ್ಲುಬೆಂಚಿನ ಮೇಲೆ ಕೂರಿಸಿದಳು.

ಬಸ್ಸು ಹೊರಟುಹೋಯಿತು. ಅಷ್ಟು ಮಕ್ಕಳನ್ನು ಬರಮಾಡಿಕೊಂಡ ನಮ್ಮತ್ತೆ, ಈಗ ತಾನೇ ಹೊಸ ಊರಿಗೆ ಬಂದಿಳಿದವಳಂತೆ, ಆ ಹುಡುಗಿಯ ಕೈ ಬಿಡದೆ ಕೂತಿದ್ದಳು. ನನಗೆ ಅಳು ಬಂತು.