ಎಲೆನಾಳ ಬಸ್ಸು

ಈ ಗಲಾಟೆಗೆಲ್ಲ ಮೂಲ ಒಂದು ಬಸ್ಸು. ಬಂದ ಬಸ್ಸಾಗಿದ್ದರೆ ಕತೆಯೇ ಹುಟ್ಟುತ್ತಿರಲಿಲ್ಲ. ಇದು ಬರದೆ ಹೋದ ಬಸ್ಸು.

ತಮಿಳು ಸೀಮೆಯ ಪಾಪಿರೆಡ್ಡಿಪಟ್ಟಿ ಪೇಟೆಯಿಂದ ಕನ್ನಡ ಮಾತಿನ ಹುಣಸೆಕೊಟ್ಟಾಯಿಗೆ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಬಂದು ಹೋಗುತ್ತಿದ್ದ ಟೌನ್ ಬಸ್ಸು ಆಡಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ಒಂದು ದಿನ ನಿಂತುಹೋಯಿತು. ಯಾಕೆಂದು ಕೇಳಿದರೆ ಡಿಪೋದವರು ಮೊದಲು ರೂಟು ಎಂದರು, ಆಮೇಲೆ ಡ್ರೈವರು ಎಂದರು, ಆಮೇಲೆ ಟೈರು ಎಂದರು. ಕೊನೆಗೆ ಕೇಳಲು ಬಂದವರ ಮುಖ ಕಂಡರೆ ಟೀ ಕುಡಿಯಲು ಎದ್ದು ಹೋಗುವುದನ್ನು ಕಲಿತರು.

ಊರಿಗೆಲ್ಲ ಕಷ್ಟವಾಯಿತು, ನಿಜ. ಆದರೆ ಆ ಕಷ್ಟ ಇಡಿಯಾಗಿ ಬಂದು ಕುಳಿತದ್ದು ಶೇಖರನ ಮೊಪೆಡ್ಡಿನ ಹಿಂದಿನ ಸೀಟಿನ ಮೇಲೆ. ಅದರ ಹೆಸರು ಮುನಿಶಾಮಮ್ಮ. ಶೇಖರನ ಹೆಂಡತಿಯ ತಾಯಿ.

ಮುನಿಶಾಮಮ್ಮ ಗಂಡ ತೀರಿಕೊಂಡಾಗಿನಿಂದ ಪಾಪಿರೆಡ್ಡಿಪಟ್ಟಿ ಬಸ್ ಸ್ಟ್ಯಾಂಡಿನ ಬೇವಿನ ಮರದಡಿ ಸೊಪ್ಪು ಮಾರಿ ಮಗಳನ್ನು ಓದಿಸಿದ ಹೆಂಗಸು. ಈಗ ಮಾರಲೇಬೇಕೆಂದೇನಿಲ್ಲ. ಆದರೆ ಒಂದು ದಿನ ಆ ಮರದಡಿ ಕೂರದಿದ್ದರೆ ಅವಳಿಗೆ ಅನ್ನ ಸೇರುವುದಿಲ್ಲ, ಬಾಡಿದ ಸೊಪ್ಪಿನಂತೆಯೇ ಆಗಿಬಿಡುತ್ತಾಳೆ. ಮರದ ಎದುರಿಗೇ ಶೇಖರನ ಬ್ರೌಸಿಂಗ್ ಸೆಂಟರ್. ಅಳಿಯನಾದವನು ಕರೆತರಬೇಕು, ಕರೆದೊಯ್ಯಬೇಕು. ಮುಂದೆ ಸೊಪ್ಪಿನ ಬುಟ್ಟಿ, ಹಿಂದೆ ಅತ್ತೆ, ನಡುವೆ ಶೇಖರ್, ಇಡ್ಲಿ ತಟ್ಟೆಗಳ ನಡುವೆ ಸಿಕ್ಕಿಕೊಂಡ ಒದ್ದೆ ಬಟ್ಟೆಯ ಹಾಗೆ.

ಹಿಂದೆ ಕೂತವಳು ಸುಮ್ಮನೆ ಕೂರುವಳೇ? ಬಸ್ಸು ನಿಲ್ಲಿಸಿದವನನ್ನು ದಾರಿಯುದ್ದಕ್ಕೂ ಬೈಯುತ್ತಿದ್ದಳು. ಅವಳ ಅಪ್ಪ ಊರದೇವರು ಮುನಿಯಪ್ಪನ ಗುಡಿಯ ಮುಂದೆ ಕತೆಯ ಪದ್ಯ ಓದಿಸುತ್ತಿದ್ದ ಭಕ್ತ. ಕಂಬಕ್ಕೊರಗಿ ಕೇಳಿ ಬೆಳೆದ ಕಿವಿ ಅವಳದು. ಓದು ಬರಹ ಬಾರದಿದ್ದರೂ ಬೈಗುಳಕ್ಕೆ ತಾಳ ತಪ್ಪುತ್ತಿರಲಿಲ್ಲ.

"ಬಸ್ಸು ನಿಲ್ಸಿದೋನ್ ಮನೇಲಿ ಅನ್ನ ಬೇಯ್ದೆ ಓಗ್ಲಿ! ಬೆಂದ್ರೂ ಬಸಿಯೋಕ್ ಮುಂಚೆ ನೆಂಟ್ರು ಬರ್ಲಿ! ಬಂದ ನೆಂಟ್ರು ಓಗೋಕೆ ಬಸ್ಸಿಲ್ದೆ ಅಲ್ಲೇ ಉಳೀಲಿ!"

ಈ ನಡುವೆ ಶೇಖರನಿಗೆ ನೆಟ್ಟಿನಲ್ಲಿ ಒಂದು ಕೆಲಸ ಸಿಕ್ಕಿತ್ತು. ಹೊರದೇಶದ ಯಾವುದೋ ಕಂಪ್ನಿ. ಕೆಲಸ ಹೇಳುವವಳು ಸ್ಟೆಲ್ಲಾ ಎಂಬ, ಮುಖ ತೋರದ ಮೇಡಂ. ಎಲ್ಲೋ ಸಮುದ್ರದ ನಡುವೆ ಒಂದು ದ್ವೀಪ ದೇಶ. ಅದರ ಹೆಸರು ಹೇಳಲು ಹೋದಾಗಲೆಲ್ಲ ಶೇಖರನಿಗೆ ಬಾಯಲ್ಲಿ ಬಿಸಿ ಬೋಂಡಾ ಇಟ್ಟುಕೊಂಡಂತಾಗುತ್ತಿತ್ತು. ಆ ದೇಶದ ಪ್ರಜೆಗಳಂತೆ ಸೋಗು ಹಾಕಿ ಸೋಶಿಯಲ್ ಮೀಡಿಯಾದಲ್ಲಿ ಬರೆಯಬೇಕು, ಅಲ್ಲಿನ ಜನಕ್ಕೆ ಅಲ್ಲಿನ ಸರ್ಕಾರದ ಮೇಲೆ ಹೊಟ್ಟೆ ಉರಿಯಬೇಕು, ಅಷ್ಟೇ. ಭಾಷೆ ಬರಬೇಕಿಲ್ಲ. ಕಂಪ್ನಿ ಕೊಟ್ಟ ಆ್ಯಪ್ಪಿನಲ್ಲಿ ಮೈಕಿನ ಗುಂಡಿ ಒತ್ತಿ ನಮ್ಮ ಮಾತಿನಲ್ಲಿ ಹೇಳಿದರೆ ಸಾಕು. ಅದೇ ಆ ದೇಶದ ಮಾತಿಗೆ ತಿರುಗಿಸಿ ಹಾಕಿಬಿಡುತ್ತಿತ್ತು. ಯಾವುದೋ ಪಾರ್ಟಿಯ ಐಟಿ ವಿಂಗ್ ಇರಬೇಕು ಎಂದುಕೊಂಡ ಶೇಖರ್. ನಮ್ಮಲ್ಲಿಲ್ಲವೇ, ಅಲ್ಲೂ ಇರುತ್ತದೆ.

ಅವನಿಗೆ ಬಿದ್ದ ವೇಷಗಳಲ್ಲಿ ಎಲೆನಾ ಮುಖ್ಯಳು. ಬ್ರೆಡ್ಡಿನ ಅಂಗಡಿ ಇಟ್ಟುಕೊಂಡ ವಿಧವೆ. ಮುಖ ಕಂಪ್ಯೂಟರ್ ಕೊಟ್ಟದ್ದು. ನಾಲಿಗೆಯನ್ನು ಶೇಖರ್ ಮನೆಯಿಂದ ಕೊಟ್ಟ. ಮೊಪೆಡ್ಡಿನ ಮೇಲೆ ಬೆಳಿಗ್ಗೆ ಕಿವಿಗೆ ಬಿದ್ದದ್ದನ್ನು ಸೆಂಟರಿಗೆ ಬಂದು ಮೈಕಿಗೆ ಒಪ್ಪಿಸುತ್ತಿದ್ದ. ಆ ದ್ವೀಪದಲ್ಲಿ ಬಸ್ಸಿನ ಕಷ್ಟ ಇದೆಯೋ ಇಲ್ಲವೋ ದೇವರಿಗೇ ಗೊತ್ತು. ಆದರೆ ಬಸ್ಸಿನ ಕಷ್ಟವಿಲ್ಲದ ದೇಶವೊಂದು ಭೂಮಿಯ ಮೇಲೆ ಇದೆಯೆಂದು ನಂಬಲು ಅವನಿಗೆ ಆಗಲಿಲ್ಲ.

ಅಲ್ಲೂ ಇತ್ತು! ಬೇಯದ ಅನ್ನವನ್ನೂ ಹೋಗದ ನೆಂಟರನ್ನೂ ಓದಿ ದ್ವೀಪಕ್ಕೆ ದ್ವೀಪವೇ ಕಣ್ಣೊರೆಸಿಕೊಂಡಿತು. "ಎಲೆನಮ್ಮಾ, ಈಗ ನಾವೇನು ಮಾಡೋಣ?" ಎಂದು ಕೇಳಿತು.

ಶೇಖರನಿಗೆ ಯೋಚಿಸುವಂಥದ್ದೇನೂ ಕಾಣಲಿಲ್ಲ. "ಕಾಲಿ ಕೊಡ ತಗೊಂಡ್ ಓಗಿ ರೋಡ್‌ನಾಗೆ ಕುಂತ್ಕಳ್ಳಿ" ಎಂದ. ಬೇರೇನು ಮಾಡುತ್ತಾರೆ? ನಮ್ಮ ಕಡೆ ನೀರು ಬರದಿದ್ದರೂ ಅದೇ, ಕರೆಂಟು ಹೋದರೂ ಅದೇ, ಸ್ಕೂಲಿಗೆ ವಾಧ್ಯಾರ್ ಬರದಿದ್ದರೂ ಅದೇ. ಹೆಂಗಸರು ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡ ಮುಂದಿಟ್ಟು ರಸ್ತೆಗೆ ಅಡ್ಡ ಕೂರುತ್ತಾರೆ. ಆಫೀಸರ್ ಬರುತ್ತಾರೆ, "ಒಂದು ವಾರದಲ್ಲಿ" ಎನ್ನುತ್ತಾರೆ. ಹೆಂಗಸರು ಸೆರಗು ಕೊಡವಿ ಏಳುತ್ತಾರೆ. ಹುಣಸೆಕೊಟ್ಟಾಯಿಯವರು ಮಾತ್ರ ತಮ್ಮ ಬಸ್ಸಿಗಾಗಿ ಇನ್ನೂ ಕೂತಿರಲಿಲ್ಲ. ಗುಡಿಯ ಪೊಂಗಲು ಹಬ್ಬ, ಅದು ಮುಗಿದರೆ ಮದುವೆಗಳು, ಪುರುಸೊತ್ತೇ ಆಗಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಊರ ತಿರುವಿನಲ್ಲಿ ಮೊಪೆಡ್ಡಿನ ಚೈನು ಕಿತ್ತುಹೋಯಿತು.

ಶೇಖರ್ ಗಾಡಿ ತಳ್ಳುತ್ತ, ಮುನಿಶಾಮಮ್ಮ ಬುಟ್ಟಿ ಹೊತ್ತು ಬೈಯುತ್ತ ಪೇಟೆ ಸೇರುವಾಗ ಇಬ್ಬರೂ ಬೆವರಿನಲ್ಲಿ ಮಿಂದಿದ್ದರು. ಸೆಂಟರಿನ ಪಕ್ಕದಲ್ಲೇ ಕುಪ್ಪಸ್ವಾಮಿಯ ಟೀ ಅಂಗಡಿ. ಕುಪ್ಪಸ್ವಾಮಿಯೂ ಹುಣಸೆಕೊಟ್ಟಾಯಿಯವನೇ. ಟೀಗಿಂತ ಪರರ ಸುದ್ದಿಗೆ ಹೆಚ್ಚು ಸಕ್ಕರೆ ಹಾಕುವ ಆಸಾಮಿ.

"ಲೇ ಶೇಕ್ರಾ, ಬಾರ್ಲಾ ಇಲ್ಲಿ! ಟೀವಿ ನೋಡ್ಲಾ! ಇದು ನಮ್ ಊರ್ ಕೊಡ ಅಲ್ವೇನ್ಲಾ?"

ಟೀವಿಯಲ್ಲಿ ತಮಿಳು ನ್ಯೂಸು. ಸಮುದ್ರದ ದಡದ ದೊಡ್ಡ ರಸ್ತೆ. ಟೊಪ್ಪಿ ಹಾಕಿದ ಹೆಂಗಸರು, ಟೈ ಕಟ್ಟಿದ ಗಂಡಸರು, ಎಲ್ಲರ ಮುಂದೆಯೂ ಖಾಲಿ ಕೊಡ. ಕೊಡ ಸಿಗದವರು ಬಕೆಟ್ ಇಟ್ಟಿದ್ದರು. ಒಬ್ಬನಂತೂ ಹೂಕುಂಡವನ್ನೇ ತಂದಿದ್ದ. ಸೂಟು ಹಾಕಿದ ಪಂಡಿತನೊಬ್ಬ, ಖಾಲಿ ಕೊಡವೆಂದರೆ ಪ್ರಜೆಯ ಬರಿದಾದ ಆತ್ಮ ಎಂದು ಅರ್ಥ ಹೇಳುತ್ತಿದ್ದ.

ಶೇಖರನ ಬಾಯಲ್ಲಿದ್ದ ಟೀ ಮೂಗಿನಿಂದ ಬಂತು.

ನ್ಯೂಸು ಅಲ್ಲಿಗೇ ನಿಲ್ಲಲಿಲ್ಲ. ಈ ದಂಗೆಯ ಹಿಂದೆ ದೊಡ್ಡ ದೇಶವೊಂದರ ಸರ್ಕಾರದ ಗುಪ್ತ ಕೈ ಇದೆಯಂತೆ. ಸುಳ್ಳು ಕಂಪ್ನಿ ಮಾಡಿ, ಸುಳ್ಳು ಅಕೌಂಟು ತೆರೆದು, ಪರದೇಶದ ಜನರನ್ನು ಎಬ್ಬಿಸುತ್ತಿದೆಯಂತೆ. ಎಲೆನಾ ಎಂಬ ಹೆಂಗಸು ಹುಟ್ಟಿಯೇ ಇಲ್ಲವಂತೆ. "ಅವಳು ಬರೆದ ಬೆಂಕಿಯಂಥ ಮಾತು ಕೇಳಿ" ಎಂದು ನ್ಯೂಸಿನ ಹುಡುಗಿ ತಮಿಳಿನಲ್ಲಿ ಓದಿದಳು: "ಬಸ್ಸು ನಿಲ್ಲಿಸಿದವನ ಮನೆಯಲ್ಲಿ ಅನ್ನ ಬೇಯದಿರಲಿ. ಬೆಂದರೂ ಬಸಿಯುವ ಮುಂಚೆ ನೆಂಟರು ಬರಲಿ..."

ಮುನಿಶಾಮಮ್ಮ ಬುಟ್ಟಿ ಕೆಳಗಿಟ್ಟಳು.

"ಏನಪ್ಪಾ ಅಳ್ಯಾ, ಇದು ನಾನ್ ಆಡಿದ್ ಮಾತಲ್ವಾ?"

ಶೇಖರನ ಮುಖ ಸಾಬೂದಾನಿಯಂತೆ ಬಿಳಿಚಿತು. ಅತ್ತೆಯ ಕಣ್ಣೆದುರು ಸುಳ್ಳು ಹೇಳುವ ತಾಕತ್ತು ಆ ವಂಶದಲ್ಲಿ ಯಾರಿಗೂ ಇರಲಿಲ್ಲ. ಎಲ್ಲವನ್ನೂ ಒಪ್ಪಿಸಿಬಿಟ್ಟ. ಪರ ಸರ್ಕಾರದ ಸಂಚು, ಗುಪ್ತ ಕೈ, ಸುಳ್ಳು ವೇಷ, ಯಾವುದೂ ಮುನಿಶಾಮಮ್ಮನಿಗೆ ನಾಟಲಿಲ್ಲ. ನಾಟಿದ್ದು ಒಂದೇ.

"ಯಾವಳೋ ಎಲೆನಾಗೆ ಬಸ್ ಕೇಳ್ದೆ. ನನ್ ಬಾಯಿಂದ್ಲೇ ಕೇಳ್ದೆ. ನನ್ಗೆ ಕೇಳ್ಲಿಲ್ಲ. ಅಲ್ವಾ?"

"ಅಂಗಲ್ಲ ಅತ್ತೆ..."

"ಎಂಗಲ್ಲ? ನಾನ್ ಇನ್ ಮ್ಯಾಲೆ ಪೇಟೆಗ್ ಬರಾಕಿಲ್ಲ. ಇವತ್ತೇ ಕಡೆ. ಮೂಲೇಲ್ ಕುಂತ್ಕತೀನಿ."

ಆ ಮಾತು ಶೇಖರನ ಎದೆಗೆ ಬಡಿಯಿತು. ಅತ್ತೆ ಮೂಲೆಯಲ್ಲಿ ಕೂತರೆ ಮೊಪೆಡ್ಡಿಗೆ ಆಯುಸ್ಸು ಹೆಚ್ಚುತ್ತದೆ, ನಿಜ. ಆದರೆ ಅವಳ ಆಯುಸ್ಸು ಕಡಿಮೆಯಾಗುತ್ತದೆ. ಬೇವಿನ ಮರದಡಿ ಆ ಜಾಗ ಬರಿದಾಗಿರುವುದನ್ನು ಅವನಿಂದ ನೆನೆಯಲೂ ಆಗಲಿಲ್ಲ.

ಅಷ್ಟರಲ್ಲಿ ಕುಪ್ಪಸ್ವಾಮಿ ಊರಿಗೆ ಫೋನ್ ಹಚ್ಚಿಯೇಬಿಟ್ಟಿದ್ದ. "ನಮ್ ಶೇಕರ್ ಫಾರಿನ್ನಾಗೆ ರೋಡ್ ಮರಿಯಲ್ ಮಾಡ್ಸವ್ನೆ, ಜನಾನೆಲ್ಲ ರೋಡಿಗ್ ಅಡ್ಡ ಕೂರ್ಸವ್ನೆ! ಆಮಾ, ನಿಜ್ವಾಗ್ಲೂ, ಟೀವೀಲ್ ಬತ್ತಾ ಐತೆ! ಎಲ್ರೂ ಕೊಡ ಎತ್ಕಂಡ್ ತಿರುವಿಗ್ ಬನ್ನಿ, ನಾವು ಬಂದ್ವಿ!"

"ಅಣ್ಣಾ, ಬ್ಯಾಡಣ್ಣಾ! ಪೊಲೀಸ್ ಕೇಸ್ ಆಗ್ತೈತೆ!"

"ಸುಮ್ನಿರ್ಲಾ. ನಿಂಗ್ ಎಕ್ಸ್‌ಪೀರಿಯೆನ್ಸ್ ಐತೆ. ನೀನೇ ಮುಂದ್ ಕುಂತ್ಕ."

ಹಾಲಿನ ವ್ಯಾನು ಹತ್ತಿ ಮೂವರೂ ತಿರುವಿಗೆ ಬರುವಾಗ ಹುಣಸೆಕೊಟ್ಟಾಯಿಯ ಹೆಂಗಸರೆಲ್ಲ ಹಸಿರು, ಕೆಂಪು, ನೀಲಿ ಕೊಡಗಳನ್ನಿಟ್ಟು ರಸ್ತೆಯನ್ನು ರಂಗೋಲಿ ಮಾಡಿದ್ದರು. ಶೇಖರನ ಹೆಂಡತಿ ಮುನಿಲಕ್ಷ್ಮಿಯೂ ಎರಡು ಕೊಡ ತಂದಿದ್ದಳು. "ನಿಂಗೂ ಒಂದ್ ತಂದಿವ್ನಿ ಮಾಮ" ಎಂದು ಪ್ರೀತಿಯಿಂದ ಗುಲಾಬಿ ಬಣ್ಣದ್ದನ್ನು ಗಂಡನ ಮಡಿಲಿಗಿಟ್ಟಳು. ಎರಡೂ ಕಡೆ ಲಾರಿಗಳು ನಿಂತವು. ಶೇಖರ್ ಕೊಡವನ್ನು ತಬ್ಬಿಕೊಂಡು ಮುನಿಯಪ್ಪನನ್ನು ನೆನೆದ. ಮುನಿಯಪ್ಪನಿಗೂ ಆಚೆ ಎಲ್ಲೋ ಹೋಗಬೇಕಿತ್ತೋ ಏನೋ, ಬರಲಿಲ್ಲ.

ಬಂದದ್ದು ಸ್ಟೆಲ್ಲಾ ಮೇಡಂ ಮೆಸೇಜು. ಜೇಬಿನಲ್ಲಿ ಫೋನು ಜೀರುಂಡೆಯಂತೆ ಗುಂಯ್‌ಗುಡುತ್ತಿತ್ತು. "ಶಭಾಷ್! ಬಸ್ಸಿನ ಮಾತು ಸಾಕು. ಈಗ ಅರಮನೆಗೆ ನುಗ್ಗಿ ಎಂದು ಎಲೆನಾ ಹೇಳಲಿ. ತಕ್ಷಣ!"

ಆ್ಯಪ್ಪನ್ನು ಅಳಿಸಿ ಕೈ ತೊಳೆದುಕೊಳ್ಳೋಣವೆಂದು ಶೇಖರ್ ಫೋನು ತೆರೆದ. ಆಗಲೇ ಪಕ್ಕದಲ್ಲಿ ಕೂತ ಕುಪ್ಪಸ್ವಾಮಿ, "ಅಕ್ಕಾ, ಆಫೀಸರ್ ಬಂದು ಬಸ್ ಬಿಡ್ತೀವಿ ಅಂದ್ರೆ ಆಮೇಲ್ ಏನ್ ಮಾಡಾಣ?" ಎಂದು ಮುನಿಶಾಮಮ್ಮನನ್ನು ಕೇಳಿದ.

"ಇನ್ನೇನ್ ಮಾಡಾದು? ಬಸ್ ಬಿಟ್ರೆ ಎದ್ದು ಮನೆಗ್ ಓಗಾದು. ಒಲೆ ಮ್ಯಾಲ್ ಸಾರೈತೆ. ಕೊಟ್ಟೋರ್ ತಣ್ಣಗಿರ್ಲಿ ಅಂತ ಒಂದ್ ಮಾತ್ ಅಂದ್ಬಿಟ್ ಓಗಾದು."

ಶೇಖರ್ ಕೆಳಗೆ ನೋಡಿದ. ಹೆಬ್ಬೆರಳು ಮೈಕಿನ ಗುಂಡಿಯ ಮೇಲೇ ಒತ್ತಿಕೊಂಡಿತ್ತು. ಕಣ್ಣೆದುರಿಗೇ ಆ್ಯಪ್ಪು ಅಷ್ಟನ್ನೂ ಗುಟುಕರಿಸಿ, ಅರಿಯದ ಅಕ್ಷರಗಳಲ್ಲಿ, ಎಲೆನಾಳ ಹೆಸರಿನಲ್ಲಿ ಹಾಕಿ "ಸೆಂಟ್" ಎಂದಿತು.

ಅದನ್ನು ಅಳಿಸಬೇಕು ಎನ್ನುವಷ್ಟರಲ್ಲಿ ಜೀಪು ಬಂತು. ಇಳಿದವರು ಇನ್‌ಸ್ಪೆಕ್ಟರ್ ಕಾರ್ತಿಕೇಯನ್. ಹೊಸಬರು, ಚುರುಕಿನವರು. ಪದ್ಧತಿ ಪ್ರಕಾರ ಅವರು "ಒಂದು ವಾರದಲ್ಲಿ" ಎನ್ನಬೇಕಿತ್ತು. ಹೆಂಗಸರು ಆಗಲೇ ಸೆರಗು ಕೊಡವಲು ಸಿದ್ಧರಾಗಿದ್ದರು. ಆದರೆ ಗ್ರಹಚಾರ, ಇನ್‌ಸ್ಪೆಕ್ಟರೂ ಬೆಳಗಿನ ನ್ಯೂಸು ನೋಡಿಯೇ ಹೊರಟಿದ್ದರು. ಕೊಡಗಳನ್ನು ಕಂಡದ್ದೇ ಅವರ ಮೀಸೆ ನೆಟ್ಟಗಾಯಿತು.

"ಎನ್ನಮ್ಮಾ ಇದು? ಖಾಲಿ ಕೊಡ?" ಎಂದರು ತಮಿಳಿನಲ್ಲಿ. "ಈ ಐಡಿಯಾ ಯಾರು ಕೊಟ್ಟದ್ದು ನಿಮಗೆ? ಆ ದ್ವೀಪದಲ್ಲೂ ಇದೇ, ಇಲ್ಲೂ ಇದೇ! ಫಾರಿನ್ ಕೈ!"

ಮುನಿಶಾಮಮ್ಮನೂ ತಮಿಳಿನಲ್ಲೇ ಉತ್ತರ ಕೊಟ್ಟಳು. "ಐಡಿಯಾನಾ ಸಾರ್? ನಮ್ಮಮ್ಮನ ಕಾಲದಿಂದ ಹೀಗೇ ಕೂರ್ತಿದೀವಿ. ಆಗ ಹಿತ್ತಾಳೆ ಕೊಡ, ಈಗ ಪ್ಲಾಸ್ಟಿಕ್ಕು."

"ಹಾಗೇ ಹೇಳಿ ಅಂತ ಅವರೇ ಕಲಿಸಿರ್ತಾರೆ! ನೋಡಿದರೆ ಊರಿನದೇ ಅನ್ನಿಸಬೇಕು, ಅದೇ ಅವರ ಟೆಕ್ನಿಕ್ಕು. ಟೀವಿಯಲ್ಲಿ ಹೇಳಿದರಲ್ಲ!"

ಕುಪ್ಪಸ್ವಾಮಿಗೆ ಸಹಾಯ ಮಾಡುವ ಹುಮ್ಮಸ್ಸು ಬಂತು. "ಸಾರ್, ಬೇಕಾದರೆ ನಮ್ಮ ಶೇಖರನ್ನ ಕೇಳಿ. ಅವನಿಗೆ ಫಾರಿನ್ ವಿಷಯವೆಲ್ಲ ಗೊತ್ತು!"

ಇನ್‌ಸ್ಪೆಕ್ಟರು ತಿರುಗಿ ನೋಡಿದರು. ಗುಲಾಬಿ ಕೊಡವನ್ನು ಮಗುವಿನಂತೆ ತಬ್ಬಿಕೊಂಡು, ಬೆವರುತ್ತ, ಕಣ್ಣು ಪಿಳಿಪಿಳಿ ಬಿಡುತ್ತಿದ್ದ ಪ್ರಾಣಿಯೊಂದು ಕಂಡಿತು.

"ಏನು ಗೊತ್ತಯ್ಯಾ ನಿನಗೆ?"

"ಪಾಸ್‌ಪೋರ್ಟ್ ಅಪ್ಲಿಕೇಶನ್ ಹಾಕಿಕೊಡ್ತೀನಿ ಸಾರ್."

ಇನ್‌ಸ್ಪೆಕ್ಟರಿಗೆ ನಗು ಬಂತು. ಈ ಮುಖ ದೇಶ ಉರುಳಿಸುವ ಮುಖವಲ್ಲ ಎಂದು ಅವರಿಗೆ ಖಾತ್ರಿಯಾಯಿತು. ಆದರೆ ಸಂಚಿಗೆ ಸಾಕ್ಷಿ ಬೇಕಲ್ಲ? ಮನುಷ್ಯರನ್ನು ಬಿಟ್ಟು ಕೊಡಗಳನ್ನು ಹಿಡಿದರು. ಕಾನ್‌ಸ್ಟೇಬಲ್ಲುಗಳು ಒಂದೊಂದಾಗಿ ಅಲ್ಲೇ ನಿಂತಿದ್ದ ಲಾರಿಯೊಂದಕ್ಕೆ ತುಂಬಿದರು. ಗುಲಾಬಿ ಕೊಡವನ್ನು ಮಾತ್ರ ಶೇಖರನ ಕೈಯಿಂದ ಬಿಡಿಸಲು ಇಬ್ಬರು ಬೇಕಾಯಿತು.

"ವಿಚಾರಣೆ ಮುಗಿಯುವ ತನಕ ಬಸ್ಸಿನ ಮಾತೇ ಇಲ್ಲ. ನಾಳೆ ಬೆಳಿಗ್ಗೆ ಎಲ್ಲರೂ ಪೇಟೆಗೆ ಠಾಣೆಗೆ ಬಂದು, ಆಧಾರ್ ಕಾರ್ಡ್ ತೋರಿಸಿ, ಅವರವರ ಕೊಡ ಅವರವರು ಬಿಡಿಸಿಕೊಂಡು ಹೋಗಿ."

ಜೀಪು ಹೋಯಿತು. ಕೊಡಗಳ ಲಾರಿಯೂ ಮದುವೆ ದಿಬ್ಬಣದಂತೆ ಬಣ್ಣ ಮಿನುಗಿಸುತ್ತ ಹೋಯಿತು. ಗುಡಿಯಲ್ಲಿ ಕತೆ ಓದುವವರು ಮಂಗಳ ಹಾಡುವ ಮುಂಚೆಯೇ ದೀಪ ಆರಿದಂತೆ ಹುಣಸೆಕೊಟ್ಟಾಯಿ ಮಂಕಾಗಿ ನಿಂತಿತು.

ಹೊತ್ತು ಇಳಿಯುತ್ತಿತ್ತು. ಎಲ್ಲರೂ ಊರ ಕಡೆ ನಡೆಯತೊಡಗಿದಾಗ ಶೇಖರನ ಫೋನು ಮತ್ತೆ ಗುಂಯ್‌ಗುಟ್ಟಿತು. ಸ್ಟೆಲ್ಲಾ ಮೇಡಂ.

"ಏನು ಮಾಡಿಬಿಟ್ಟೆ? ಅವರ ಸರ್ಕಾರ ಹೆದರಿ ಬಸ್ಸು ಬಿಟ್ಟಿತು. ಎಲೆನಾ ಹೇಳಿದಳೆಂದು ಜನರೆಲ್ಲ ಎದ್ದು, ಸರ್ಕಾರಕ್ಕೆ ತಣ್ಣಗಿರಿ ಎಂದು ಹರಸಿ, ಸಾರು ಬಿಸಿ ಮಾಡಲು ಮನೆಗೆ ಹೋದರು. ನಮ್ಮ ಎಷ್ಟೋ ವರ್ಷದ ಕೆಲಸ ಮಣ್ಣಾಯಿತು. ನಾವು ಕೇಳಿದ್ದು ಗಲಭೆ, ನೀನು ಕೊಡಿಸಿದ್ದು ಬಸ್ಸು! ಇವತ್ತಿನಿಂದ ನಿನಗೆ ಕೆಲಸವಿಲ್ಲ."

ಆ್ಯಪ್ಪು ತಾನಾಗಿಯೇ ಮಾಯವಾಯಿತು. ಎಲೆನಾ ಹೋದಳು. ಫೋನಿನ ನ್ಯೂಸಿನಲ್ಲಿ ಒಂದು ಫೋಟೋ ಮಾತ್ರ ಉಳಿದಿತ್ತು: ಹೊಚ್ಚ ಹೊಸ ಬಸ್ಸು, ಕಿಟಕಿ ಪಕ್ಕ ಟೊಪ್ಪಿ ಹಾಕಿದ ಮುದುಕಿ, ಅವಳ ತೊಡೆಯ ಮೇಲೆ ಒಂದು ಹಸಿರು ಕೊಡ.

"ತೋರ್ಸು" ಎಂದು ಮುನಿಶಾಮಮ್ಮ ಫೋನು ಇಸಿದುಕೊಂಡಳು. ನಡೆಯುವುದನ್ನು ನಿಲ್ಲಿಸಿ ನೋಡಿದಳು. ಬೆಳಗಿನಿಂದ ಬಿಗಿದಿದ್ದ ಅವಳ ಮುಖ ಸಡಿಲಾಯಿತು.

"ಪಾವಂ, ವಯಸ್ಸಾದ್ ಜೀವ. ಮಂಡಿ ನೋವಿರ್ತೈತೆ. ಕಿಟ್ಕಿ ಪಕ್ಕ ಸೀಟು ಬ್ಯಾರೆ ಸಿಕ್ಕೈತೆ. ಕುಂತ್ಕಳ್ಳಿ ಬುಡು, ಅವಳಾದ್ರೂ ಕುಂತ್ಕಳ್ಳಿ."

ಶೇಖರ್ ಅವಳ ಪಕ್ಕಕ್ಕೆ ಬಂದು ನಿಂತ. "ಅತ್ತೆ, ನಾಳೆ ಚೈನು ಆಕ್ಸಿಬಿಡ್ತೀನಿ. ನೀನ್ ಮೂಲೇಲ್ ಕುಂತ್ಕಬ್ಯಾಡ."

"ಎಲ್ಲಪ್ಪ ಕುಂತ್ಕಳ್ಳಾದು? ಕೊಡ ಬಿಡ್ಸಕ್ ಓಗ್ಬೇಕಲ್ಲ!"

ಕುಪ್ಪಸ್ವಾಮಿ ಆಗ ತಟ್ಟನೆ ನಿಂತ. ಅವನ ಹಿಂದೆ ಊರೆಲ್ಲ ನಿಂತಿತು.

"ಅದ್ ಸೆರಿ, ನಾಳೆ ಬೆಳಿಗ್ಗೆ ಇಷ್ಟೂ ಜನ ಠಾಣೆಗ್ ಓಗಾದು ಎಂಗ್ಲಾ?"

ಎಲ್ಲರೂ ಶೇಖರನನ್ನು ನೋಡಿದರು. ಶೇಖರ್ ಅತ್ತೆಯನ್ನು ನೋಡಿದ. ಮುನಿಶಾಮಮ್ಮ ಫೋನನ್ನು ಸೆರಗಿನಿಂದ ಒರೆಸಿ ಅಳಿಯನ ಕೈಗೆ ಕೊಟ್ಟಳು.

"ಆ ಎಲೆನಾನ್ನೇ ಕೇಳು. ಅವಳ್ ಬಸ್ಸು ಈ ಕಡಿಕೆ ಒಂದ್ ಟ್ರಿಪ್ ಬತ್ತದಾ ಅಂತ."