ಒಂದೇ ಹಂಡೆಯ ಪಲ್ಟನ್ನು

ನಮ್ಮ ಸೋದರಮಾವ ಇಡೀ ಸೈನ್ಯದ ಬದುಕಿನಲ್ಲಿ ಯಾರನ್ನಾದರೂ ಹೆದರಿಸದೆ ಬಿಟ್ಟಿದ್ದರೆ ಅದು ಶತ್ರುವನ್ನು ಮಾತ್ರ! ಹೊಸ ಜವಾನರು ಅವರಿಗೆ ಹೆದರುತ್ತಿದ್ದರು, ತರಕಾರಿ ಗುತ್ತಿಗೆದಾರ ಹೆದರುತ್ತಿದ್ದ, ತಟ್ಟೆಯಲ್ಲಿ ಅನ್ನ ಬಿಟ್ಟು ಎದ್ದ ಮೇಜರ್ ಸಾಹೇಬರೊಬ್ಬರು ಹೆದರಿ ಮತ್ತೆ ಕೂತು ಉಂಡರಂತೆ. ಶತ್ರುವಿಗೆ ಮಾತ್ರ ಇವರ ಸುದ್ದಿಯೇ ಮುಟ್ಟಲಿಲ್ಲ. ಯಾಕೆಂದರೆ ಮಾವ ಇದ್ದದ್ದು ಸಪ್ಲೈ ದಳದಲ್ಲಿ, ಅಂದರೆ ಸೈನ್ಯದ ಹೊಟ್ಟೆ ನೋಡಿಕೊಳ್ಳುವ ದಳದಲ್ಲಿ. ಅದರೊಳಗೆ ಅವರು ಅಡುಗೆಯವರು.

ಬೈಲಹೊಂಗಲದ ಚಹಾದಂಗಡಿಯಲ್ಲಿ ಯಾರೋ ಒಮ್ಮೆ, "ಎಷ್ಟ ಮಂದಿನ್ನ ಕೊಂದ್ರಿ, ಸಾಹೇಬ್ರ?" ಎಂದು ಕೇಳಿದರು. ಮಾವ ಕಪ್ಪು ಕೆಳಗಿಟ್ಟು, "ಒಬ್ಬನ್ನೂ ಇಲ್ಲ. ಅದ ನನ್ನ ಅಡಿಗಿ ದೊಡ್ಡಸ್ತಿಕಿ!" ಅಂದರು. ಕೇಳಿದವರು ಪಾಪ, ಚಹಾ ಅರ್ಧಕ್ಕೆ ಬಿಟ್ಟು ಹೋದರು. ಚಹಾ ಬಿಟ್ಟದ್ದಕ್ಕೆ ಮಾವ ಅವರನ್ನು ಬಸ್‌ಸ್ಟ್ಯಾಂಡಿನವರೆಗೂ ಬೈಯುತ್ತಾ ಹೋದದ್ದು ಬೇರೆ ಮಾತು.

ಪಿಂಚಣಿಗೆ ಬಂದ ಮೇಲೆ ಸುಮ್ಮನೆ ಕೂತಾರೆಯೇ? ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕೂ ತಾಲೂಕಿನಲ್ಲಿ ತಮ್ಮ ದಳದಿಂದ ನಿವೃತ್ತರಾದವರನ್ನೆಲ್ಲ ಹುಡುಕಿ ಒಂದು ಸಂಘ ಕಟ್ಟಿದರು. ಎಲ್ಲರನ್ನೂ ಸೇರಿಸಿದರೂ ಒಂದು ಬಸ್ಸು ತುಂಬುವುದಿಲ್ಲ. ಸಂಘದ ಅಧ್ಯಕ್ಷರು ಮಾವ, ಕಾರ್ಯದರ್ಶಿ ಮಾವ, ಅಡುಗೆಯವರು ಮಾವ. ವಾಹನ ವ್ಯವಸ್ಥೆ ಮಾತ್ರ ನನ್ನದು. ನನ್ನದೊಂದು ಹಳೆಯ ವ್ಯಾನಿದೆ. ನಾನು ಅದನ್ನು ಕೊಂಡದ್ದು ನನ್ನ ಬಟ್ಟೆ ಅಂಗಡಿಗೆ ಅಂತ ನನಗೊಬ್ಬನಿಗೇ ಭ್ರಮೆ. ಅದರ ಹಿಂದಿನ ಸೀಟು ಕಿತ್ತು ಹಂಡೆ ಕೂಡಿಸಿ ಎಷ್ಟೋ ವರ್ಷವಾಯಿತು.

ಕಳೆದ ಸ್ವಾತಂತ್ರ್ಯ ದಿನದಿಂದಲೇ ಹೇಳುತ್ತೇನೆ. ಮೆರವಣಿಗೆಯಲ್ಲಿ ಬಂದೂಕು ಹಿಡಿದಿದ್ದ ನಿವೃತ್ತರು ಮುಂದೆ, ಸಪ್ಲೈನವರು ಹಿಂದೆ ಎಂದು ಅದರ ಮುಂದಾಳೊಬ್ಬರು ಹೇಳಿಬಿಟ್ಟರು. ಮಾವ ನೇರ ಹೋಗಿ ಆ ಮುಂದಾಳಿನ ಎದುರು ಎದೆಯುಬ್ಬಿಸಿ ನಿಂತರು. ಎದೆಗಿಂತ ಹೊಟ್ಟೆಯೇ ಮೊದಲು ಮುಟ್ಟಿತು ಅನ್ನಿ!

"ಮನಶ್ಯಾಗ ಹೊಟ್ಟಿ ಮುಂದಿರತೈತೋ, ಹಿಂದಿರತೈತೋ? ನೀವ ನೋಡಿ ಹೇಳ್ರಿ."

ಸಪ್ಲೈ ದಳ ಮುಂದೆಯೇ ನಡೆಯಿತು. ಆ ಸಾಲಿನಲ್ಲಿ ಕೈ ಬೀಸಿದವರು ಎಷ್ಟೋ ಮಂದಿ ಈಗಿಲ್ಲ. ಅದು ಕೆಟ್ಟ ವರ್ಷ, ಸ್ವಾಮಿ. ದಸರೆ ಮುಗಿಯುವುದರೊಳಗೆ ಸವದತ್ತಿಯ ಒಬ್ಬರು ಹೋದರು, ಅವರ ಹಿಂದೆಯೇ ಅವರ ಪಕ್ಕದ ಓಣಿಯವರು. ಮಾವನ ಫೋನು ಬಂದರೆ ನನ್ನ ಹೆಂಡತಿ, "ಯಾರು?" ಎಂದು ಕೇಳುವುದನ್ನು ಬಿಟ್ಟು "ಯಾವ ಊರು?" ಎಂದು ಕೇಳತೊಡಗಿದಳು.

ಸಾವಾದ ಮನೆಯಲ್ಲಿ ಒಲೆ ಹೊತ್ತುವುದಿಲ್ಲವಲ್ಲ, ಅಲ್ಲಿಗೆ ಅನ್ನ ಒಯ್ಯುವುದು ಸಂಘದ ಕೆಲಸ ಎಂದು ಮಾವನ ಕಾನೂನು. ಹೂವಿನ ಹಾರ ತಡವಾದರೆ ನಡೆಯುತ್ತದೆ, ಹಂಡೆ ತಡವಾಗುವಂತಿಲ್ಲ. ಹೀಗೆ ಕಿತ್ತೂರಿನ ಕಡೆಯ ಒಬ್ಬ ಹವಾಲ್ದಾರರು ತೀರಿಕೊಂಡಾಗ ಬಿಸಿ ಅನ್ನದ ಹಂಡೆ ಹೇರಿಕೊಂಡು ಹೊರಟೆವು. ಎಂ.ಕೆ. ಹುಬ್ಬಳ್ಳಿ ಸಮೀಪ ಕಬ್ಬಿನ ಟ್ರ್ಯಾಕ್ಟರೊಂದು ಅಡ್ಡಬಿದ್ದು ಹಿಂದೆ ಮುಂದೆ ಗಾಡಿಗಳ ಹನುಮಂತನ ಬಾಲ. ಟ್ರ್ಯಾಕ್ಟರಿನವರು ಮುಂಜಾನೆಯಿಂದ ಅಲ್ಲೇ ಉಪವಾಸ ಕೂತಿದ್ದರು. ಮಾವ ಇಳಿದರು, ಹಿಂದಿನ ಬಾಗಿಲು ತೆಗೆದರು, ಹಂಡೆಯ ಮುಚ್ಚಳ ತೆಗೆದರು.

"ಮಾವಾ! ಇದು ಸಾವಿನ ಮನಿ ಅನ್ನರಿ!"

"ಸತ್ತಾಂವ ಕಾಯ್ತಾನಲೇ. ಹಸದಾಂವ ಕಾಯಂಗಿಲ್ಲ. ಆ ಪತ್ರೊಳಿ ಎಲಿ ಕೊಡ ಇಲ್ಲೆ."

ಊರು ಮುಟ್ಟಿದಾಗ ಹಂಡೆಯ ತಳಕ್ಕಂಟಿದ ಸೀಕು ಮಾತ್ರ ಉಳಿದಿತ್ತು. ಮಾವ ನೆರೆಮನೆಯ ಅಂಗಳದಲ್ಲಿ ಕಲ್ಲು ಜೋಡಿಸಿ ಮತ್ತೆ ಬೆಂಕಿ ಹಚ್ಚಿದರು. ಅನ್ನ ಕುದಿಯುತ್ತಿರುವಾಗಲೇ ಹೆಣ ಎತ್ತಿದರು. ಕೊನೆಯ ಸೆಲ್ಯೂಟ್ ಕೊಡಬೇಕಾದ ಅಧ್ಯಕ್ಷರು ಹೊಗೆಯೊಳಗಿನಿಂದ ಓಡಿಬಂದು ಅಟೆನ್ಶನ್ ಆಗಿ ಕೈ ಎತ್ತಿದರೆ, ಕೈಯಲ್ಲಿ ಸೌಟು! ಬೇರೆ ದಿನವಾಗಿದ್ದರೆ ನಾನು ನೆಲಕ್ಕೆ ಬಿದ್ದು ನಗುತ್ತಿದ್ದೆ. ಅಂದು ಯಾರೂ ನಗಲಿಲ್ಲ, ನಾನೂ ನಗಲಿಲ್ಲ.

ಇನ್ನು ರಾಮದುರ್ಗದ ಸಾಹೇಬರ ವಿಷಯಕ್ಕೆ ಬರುತ್ತೇನೆ. ಊರವರ ಬಾಯಲ್ಲಿ ಸಾಹೇಬರಾದರೂ ಅವರು ಅದೇ ದಳದಲ್ಲಿ ಡ್ರೈವರ್ ಆಗಿದ್ದವರು. ಹಿಮದ ದಾರಿಯಲ್ಲಿ ಮಾವನ ಹಂಡೆಗಳನ್ನು ಲಾರಿಯಲ್ಲಿ ಹೊತ್ತವರು. ಮಾವ ಅವರನ್ನು "ಲೇ ಸ್ಟೇರಿಂಗ" ಎಂದು ಕರೆಯುತ್ತಿದ್ದರು, ಅವರು ಮಾವನನ್ನು "ಲೇ ಸೌಟ್ಯಾ" ಎನ್ನುತ್ತಿದ್ದರು. ಇಬ್ಬರೂ ಕೂಡಿದರೆ ಮೂರನೆಯವರು ಮಾತಾಡುವ ಹಾಗಿಲ್ಲ. ಕೂಡದಿದ್ದರೆ ಇಬ್ಬರಿಗೂ ಊಟ ಸೇರುವುದಿಲ್ಲ. ಸಂಕ್ರಾಂತಿಯ ಹೊತ್ತಿಗೆ ಸಾಹೇಬರ ಕಾಲು ಬಾತವು, ಬೂಟು ಒಳಹೋಗಲೊಲ್ಲದು. ಅವರನ್ನು ಬೆಳಗಾವಿಯ ಡಾಕ್ಟರರಿಗೆ ತೋರಿಸಲು ನಾನು, ಮಾವ, ಹಂಡೆ ಎಲ್ಲರೂ ಹೋದೆವು.

"ಹೃದಯ ಹಿಗ್ಗಿದೆ" ಎಂದರು ಡಾಕ್ಟರು.

"ಹಿಗ್ಗೂದು ಚಲೋ ಅಲ್ಲೇನ್ರಿ?" ಎಂದರು ಸಾಹೇಬರು.

ಡಾಕ್ಟರು ನಗಲಿಲ್ಲ. ಉಪ್ಪು ಬಂದ್ ಎಂದರು. ಮಾವನನ್ನು ಹೊರಗೆ ಕರೆದು, ಬಹಳ ದಿನದ ಮಾತಲ್ಲ, ಬರುವ ಮಳೆಗಾಲ ಕಂಡರೆ ಪುಣ್ಯ ಎಂದೂ ಹೇಳಿದರು. ವಾಪಸು ಬರುವಾಗ ಯರಗಟ್ಟಿ ದಾಟುವವರೆಗೂ ಮಾವ ಖಾಲಿ ಹಂಡೆಯನ್ನು ಒರೆಸುತ್ತಲೇ ಇದ್ದರು.

ಅಂದಿನಿಂದ ಸಾಹೇಬರು ಜನರ ನಡುವೆ ಉಣ್ಣುವುದನ್ನೇ ಬಿಟ್ಟರು. ಮನೆಯಲ್ಲೂ ಮಕ್ಕಳು ಮೊಮ್ಮಕ್ಕಳೆಲ್ಲ ಉಂಡೆದ್ದ ಮೇಲೆ ಮೂಲೆಯಲ್ಲಿ ಕೂತು ತಮ್ಮ ಸಪ್ಪನೆಯ ಅನ್ನ ನುಂಗುತ್ತಿದ್ದರು. ಹೀಗಿರುವಾಗ ಬಡಾಖಾನಾ ಬಂತು. ಬಡಾಖಾನಾ ಅಂದರೆ ಸೈನ್ಯದ ದೊಡ್ಡ ಊಟ. ಅಂದು ಅಧಿಕಾರಿ, ಸಿಪಾಯಿ ಎಂಬ ಭೇದವಿಲ್ಲದೆ ಎಲ್ಲರೂ ಒಟ್ಟಿಗೆ ಕೂತು ಒಂದೇ ಅಡುಗೆ ಉಣ್ಣಬೇಕು. ನಮ್ಮ ಸಂಘದ್ದು ವರ್ಷಕ್ಕೊಮ್ಮೆ, ಶಿವರಾತ್ರಿ ಕಳೆದ ಮೇಲೆ, ನವಿಲುತೀರ್ಥದಲ್ಲಿ ಅಣೆಕಟ್ಟಿನ ಸಮೀಪ ಗಿಡಗಳ ನೆರಳಿಗೆ.

ಸಾಹೇಬರು ಫೋನಿನಲ್ಲೇ ಒಲ್ಲೆ ಎಂದರು. ಮಾವ ನನ್ನ ಅಂಗಡಿಗೆ ಬೀಗ ಹಾಕಿಸಿ ರಾಮದುರ್ಗಕ್ಕೆ ಹೊರಡಿಸಿದರು.

"ಯಾಕ ಬರಂಗಿಲ್ಲಲೇ, ಸ್ಟೇರಿಂಗ?"

"ಬಂದು ಏನ ಮಾಡ್ಲಿ? ನೀವೆಲ್ಲಾ ಹಂಡೆ ಊಟಾ ಉಣಬೇಕು, ನಾ ಆ ಕಡೆ ಮಾರಿ ಮಾಡಿ ಡಬ್ಬಿ ಬಿಚ್ಚಬೇಕು? ಹಂಗ ಕುಂತ ಉಣ್ಣೂದಕ್ಕಿಂತ ಮನ್ಯಾಗ ಬಿದ್ದಿರೂದ ಪಾಡ, ಯಾರ್."

"ಡಬ್ಬಿ ತಂದ್ರ ಕಸಗೊಂಡು ಕೆನಾಲಿಗಿ ಒಗೀತೇನಿ. ಹಂಡ್ಯಾಂದ ಉಣ್ಣು."

"ನನ್ನ ಕೊಲ್ಲಾಕ ನಿಂತೀಯೇನು?"

"ಹೌದು. ಶುಕ್ರವಾರ ಬ್ಯಾಡ, ನಿನ್ನ ನಮಾಜ್ ಇರತೈತಿ. ರವಿವಾರ ಬಾ."

ಒಳಗಿನಿಂದ ಸಾಹೇಬರ ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದರು. "ನಿಮ್ಮ ಮಾವಗ ತಿಳಿಸಿ ಹೇಳ್ರಿ. ಹಂಡೆ ಊಟಾ ಉಂಡ್ರ ಇವರು ಉಳ್ಯಾಂಗಿಲ್ರಿ" ಎಂದರು. ದಾರಿಯಲ್ಲಿ ನಾನು ಅದನ್ನೇ ಹೇಳಿದೆ. ಬೇರೊಂದು ಪಾತ್ರೆಯಲ್ಲಿ ಸಾಹೇಬರಿಗಷ್ಟೇ ಸಪ್ಪನೆಯದು ಬೇಯಿಸಿರಿ ಎಂದೂ ಹೇಳಿದೆ. "ಬ್ಯಾರೆ ಪಾತ್ರಿ ಇಟ್ರ ಅದು ಬಡಾಖಾನಾ ಆಗಂಗಿಲ್ಲ, ದವಾಖಾನಿ ಆಗತೈತಿ. ನೀ ಗಾಡಿ ಹೊಡಿ" ಅಂದರು. ಈ ಹಟಮಾರಿ ಮುದುಕ ತನ್ನ ಗೆಳೆಯನನ್ನು ಊಟ ಹಾಕಿಯೇ ಮೇಲಕ್ಕೆ ಕಳಿಸಿಬಿಡುತ್ತಾನೆ ಎಂದು ನನಗೆ ನಿಜಕ್ಕೂ ಸಿಟ್ಟು ಬಂತು.

ಈಗಲೇ ಹೇಳಿಬಿಡುತ್ತೇನೆ, ಸಾಹೇಬರು ಆ ಭಾನುವಾರದ ನಂತರ ಯುಗಾದಿಯವರೆಗೂ ಬಾಳಲಿಲ್ಲ. ಊಟದಿಂದಲ್ಲ, ಅವರ ಹೃದಯದ ಕಸುವೇ ತೀರಿತ್ತು. ಇದನ್ನು ತಿಳಿದುಕೊಂಡೇ ಮುಂದಿನದನ್ನು ಓದಿ.

ಆ ದಿನ ಸಾಹೇಬರು ಮಗನ ಮೋಟರ್‌ಸೈಕಲ್ಲಿನ ಮೇಲೆ ಬಂದರು, ಬಾತ ಕಾಲಿಗೆ ಹವಾಯಿ ಚಪ್ಪಲಿ, ತಲೆಯ ಮೇಲೆ ಮಾತ್ರ ಇಸ್ತ್ರಿ ಮಾಡಿದ ದಳದ ಟೋಪಿ. ಸಾಲಾಗಿ ಕೂತೆವು. ಒಂದು ತುದಿಗೆ ನಿವೃತ್ತ ಕ್ಯಾಪ್ಟನ್ನರು, ಇನ್ನೊಂದು ತುದಿಗೆ ಸಾಹೇಬರು, ಅವರ ಪಕ್ಕದಲ್ಲಿ ನಾನು. ರೊಟ್ಟಿ, ಬದನೆಕಾಯಿ ಪಲ್ಯ, ಅನ್ನ, ಬೇಳೆ ಸಾರು ಬಿದ್ದವು. ಉಪ್ಪಿನಕಾಯಿ ಇಲ್ಲ, ಶೇಂಗಾ ಚಟ್ನಿ ಇಲ್ಲ. ಮೊದಲ ತುತ್ತು ಬಾಯಿಗಿಟ್ಟೆ. ಅಯ್ಯೋ ದೇವರೇ! ಉಪ್ಪಿನ ಸುಳಿವೇ ಇಲ್ಲ! ಮಾವನಿಗೆ ಅರಳುಮರಳಾಯಿತು, ಜನ್ಮವಿಡೀ ಅಡುಗೆ ಮಾಡಿದವರು ಉಪ್ಪನ್ನೇ ಮರೆತರು ಎಂದುಕೊಂಡೆ.

"ಮಾವಾ, ಉಪ್ಪು..."

"ಬಾಯಿ ಮುಚ್ಚಿ ಉಣ್ಣು."

ಪಕ್ಕದಲ್ಲಿ ಕೂತಿದ್ದ ಸಾಹೇಬರ ಕಡೆ ನೋಡಿದಾಗ ನನಗೆ ತಿಳಿಯಿತು. ನನಗೊಬ್ಬನಿಗೇ ಅಲ್ಲ, ಆ ಸಾಲಿನಲ್ಲಿದ್ದ ಒಬ್ಬೊಬ್ಬರಿಗೂ ತಿಳಿಯುತ್ತಾ ಹೋದದ್ದು ಅವರ ಮುಖದಲ್ಲೇ ಕಾಣುತ್ತಿತ್ತು. ಅಗಿಯುವುದು ನಿಲ್ಲುತ್ತಿತ್ತು, ಮತ್ತೆ ಸುರುವಾಗುತ್ತಿತ್ತು. ಯಾರೂ ಉಪ್ಪು ಕೇಳಲಿಲ್ಲ. ಕ್ಯಾಪ್ಟನ್ನರು ತಟ್ಟೆ ನೋಡುತ್ತಲೇ, "ಪಲ್ಯಾ ಇನ್ನಷ್ಟು ಹಾಕ್ರಿ" ಅಂದರು. ಆ ಪಲ್ಯದಷ್ಟು ಕೆಟ್ಟ ಪಲ್ಯ ನಾನು ಈ ಜನ್ಮದಲ್ಲಿ ತಿಂದಿಲ್ಲ, ಆಣೆ ಮಾಡಿ ಹೇಳುತ್ತೇನೆ. ನಾನೂ ಎರಡನೆಯ ಸಲ ಹಾಕಿಸಿಕೊಂಡೆ.

ಸಾಹೇಬರು ಇನ್ನೂ ತಟ್ಟೆ ಮುಟ್ಟಿರಲಿಲ್ಲ. ಸಾಲಿನುದ್ದಕ್ಕೂ ಒಮ್ಮೆ ನೋಡಿದರು. ಬೆರಳ ತುದಿಯಿಂದ ಸಾರು ನೆಕ್ಕಿದರು. ರೊಟ್ಟಿ ಮುರಿದು ಪಲ್ಯ ತಿಂದರು. ಆಮೇಲೆ ಟೋಪಿ ತೆಗೆದು ಕಣ್ಣಿನ ಮೇಲೆ ಒತ್ತಿಕೊಂಡರು. ಮಾವ ಹಂಡೆ ಬಿಟ್ಟು ಬಂದು ಅವರ ಎದುರು ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತರು. ಆ ಇಬ್ಬರೂ ಮುದುಕರನ್ನು ಎದೆಗೆ ಅವಚಿಕೊಳ್ಳಬೇಕೆನ್ನಿಸಿತು ನನಗೆ.

"ಲೇ ಸೌಟ್ಯಾ" ಎಂದರು ಸಾಹೇಬರು. "ಇಷ್ಟ ಹಲ್ಕಟ್ ಅಡಿಗಿ ನೀ ಎಂದೂ ಮಾಡಿದ್ದಿಲ್ಲ."

"ಗೊತ್ತೈತಿ" ಎಂದರು ಮಾವ. ಅವರ ಕೆನ್ನೆ ಒದ್ದೆಯಾಗಿತ್ತು. "ಅತ್ತ ಸರೀ ಲೇ, ನನಗೂ ಹಸಿವಾಗೈತಿ." ಹಾಗೆಂದು ಸಾಹೇಬರ ತಟ್ಟೆಗೇ ಕೈ ಹಾಕಿದರು.